ರಂಗೋಲಿಯಲ್ಲಿ ಅಕ್ಷರಾಭ್ಯಾಸ

"ಈ ದಸರಾ ಬರೋದ್ರೊಳಗೆ ನನ್ನ ಹೆಂಡತಿ ಪೇಪರ್ ಓದದೇ ಇದ್ರೆ ನನ್ನ ಹೆಸರು ರುದ್ರಸ್ವಾಮಿನೇ ಅಲ್ಲ!"

ಆಫೀಸಿನಲ್ಲಿ ಮೇಜು ಗುದ್ದಿ ಹೀಗೆ ಭೀಷ್ಮ ಪ್ರತಿಜ್ಞೆ ಮಾಡಿದವನು ನಾನೇ. ಕನ್ನಡನಾಡು ಒಂದಾದ ಹೊಸತು, ಊರೆಲ್ಲ ವಯಸ್ಕರ ಶಿಕ್ಷಣದ ಮಾತು. ಸರ್ಕಾರಿ ಗುಮಾಸ್ತನ ಹೆಂಡತಿ ಹೆಬ್ಬೆಟ್ಟು ಒತ್ತುವುದೆಂದರೇನು? ಛೆ!

ನನ್ನಾಕೆ ಸಿದ್ದಲಿಂಗಮ್ಮ ನಂಜನಗೂಡು ಕಡೆಯವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ರಂಗೋಲಿಯಲ್ಲಿ ನಮ್ಮ ಇಡೀ ಯಾದವಗಿರಿ ಬಡಾವಣೆಗೆ ಅವಳೇ ಮಹಾರಾಣಿ! ಒಮ್ಮೆ ಕಂಡ ಆಕಾರವನ್ನು ಮಾರನೆಯ ದಿನ ಗೆರೆ ತಪ್ಪದಂತೆ ಇಳಿಸಿಬಿಡುತ್ತಿದ್ದಳು. ಸ್ಲೇಟು ಕೊಟ್ಟರೆ ಮಾತ್ರ ಬಳಪ ಪಟಪಟನೆ ಮುರಿಯಿತು.

"ಈ ಕಡ್ಡಿ ನನ್ ಕೈಗೆ ಬಗ್ಗಕಿಲ್ಲ ಕಣ್ರೀ. ರಂಗೋಲಿ ಪುಡೀಲಿ ಬರೀಲಾ?"

"ಭಲೆ! ಬಾಗಿಲ ಮುಂದೇ ಬರಿ. ಬೀದಿಯವರೂ ನೋಡ್ಲಿ!"

"ಬರೀತೀನಿ. ಇದೇನು ಅಂತ ಒಸಿ ಏಳ್ಕೊಡಿ."

"ಅರ್ಥ ಕೇಳ್ಬಾರ್ದು ಕಣೇ! ಮೊದಲು ಕೈ ಪಳಗ್ಬೇಕು. ನಮ್ಮ ಶಾಲೆ ಐಗಳು ನಮಗೆ ಮರಳ ಮೇಲೆ ತಿದ್ದಿಸಿ ತಿದ್ದಿಸಿ ಬೆರಳು ಸವೆಸಿದ್ರು, ಅರ್ಥ ಹೇಳಿದ್ರಾ? ಕಣ್ಣಿಗೆ ಚೆಂದ ಕಂಡ ಅಕ್ಷರ ನೋಡು, ಬರಿ. ಓದೋದು ಆಮೇಲೆ."

"ಅಂಗೇ ಆಗ್ಲಿ ಬುಡಿ."

ಆಹಾ, ಆ ಬೆಳಗುಗಳು! ಸಗಣಿ ಸಾರಿಸಿದ ಅಂಗಳದಲ್ಲಿ ಬೆಳ್ಳಗೆ, ದುಂಡಗೆ ಕೂತ ಆ ಅಕ್ಷರಗಳನ್ನು ನೆನೆದರೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ. ತೊಂದರೆ ಇದ್ದದ್ದು ಒಂದೇ. ಅಕ್ಷರವೆಂದರೆ ಸರಸ್ವತಿ, ತುಳಿಯುವಂತಿಲ್ಲ! ನಾನು ಪಂಚೆ ಎತ್ತಿ ಕಟ್ಟಿ ಒಂದೇ ನೆಗೆತಕ್ಕೆ ಬೀದಿ ಸೇರುತ್ತಿದ್ದೆ. ಮನೆ ಮುಂದೆಯೇ ಎಮ್ಮೆ ನಿಲ್ಲಿಸಿ ಹಾಲು ಕರೆಯುತ್ತಿದ್ದ ದೇವಯ್ಯ ಒಂದು ದಿನ ತಲೆ ಕೆರೆದುಕೊಂಡ.

"ನಾನೇನೋ ಆರ್ತೀನಿ ಸ್ವಾಮಿ. ಎಮ್ಮೆ ಆರಕಿಲ್ಲ!"

ವರ್ಣಮಾಲೆ ಮುಗಿದ ಮೇಲೆ ನನ್ನ ಶಿಷ್ಯೆ ಬೀದಿಯ ಬೋರ್ಡುಗಳಿಗೆ ಕೈ ಹಾಕಿದಳು. ಒಂದು ಬೆಳಿಗ್ಗೆ ನಮ್ಮ ಅಂಗಳದಲ್ಲಿ 'ತಾಜಾ ಕಾಫಿಪುಡಿ ದೊರೆಯುತ್ತದೆ' ಎಂದಿತ್ತು. ಇಬ್ಬರು ಡಬ್ಬ ಹಿಡಿದು ಬಂದರು. ಅವರನ್ನು ನಗುತ್ತಾ ಸಾಗಹಾಕಿ, ಆಫೀಸಿಗೆ ಹೋಗಿ "ನಮ್ಮವಳು ಆಗಲೇ ವಾಕ್ಯಕ್ಕೆ ಬಂದ್ಬಿಟ್ಲು!" ಎಂದು ಮೀಸೆ ತಿರುವಿದೆ. ವಿನಾಶಕಾಲೇ ವಿಪರೀತ ಬುದ್ಧಿ!

ಭಾನುವಾರ ಕಣ್ಣು ಬಿಟ್ಟಾಗ ಗುರುತಿಲ್ಲದ ಗೃಹಸ್ಥರೊಬ್ಬರು ನಮ್ಮ ನಡುಮನೆಯನ್ನು ಮೊಳ ಹಾಕಿ ಅಳೆಯುತ್ತಿದ್ದರು.

"ನಲ್ಲೀಲಿ ನೀರು ಎಷ್ಟೊತ್ತಿಗೆ ಬರುತ್ತೆ?"

"ಯಾರ್ರೀ ನೀವು?"

"ನೀವೇ ಬರೆದಿದೀರಲ್ಲ ಸ್ವಾಮಿ!"

ಹೊರಗೆ ಓಡಿದೆ. ಸುತ್ತ ಬಳ್ಳಿ, ಮೂಲೆಗೊಂದು ತಾವರೆ, ನಡುವೆ ಮುತ್ತಿನಂಥ ಅಕ್ಷರ: 'ಮನೆ ಬಾಡಿಗೆಗೆ ಇದೆ'! ಗೇಟಿನವರೆಗೂ ಜನ. ಒಬ್ಬಾಕೆ ಒಳಹೊಕ್ಕು, "ಅಡಿಗೆಮನೆ ಕಿಷ್ಕಿಂಧೆ ಕಣಮ್ಮ" ಎಂದು ನನ್ನ ಹೆಂಡತಿಗೇ ದೂರು ಹೇಳುತ್ತಿದ್ದಳು. ಅಷ್ಟರಲ್ಲಿ ಬಂದರು ನೋಡಿ, ಮನೆ ಮಾಲೀಕ ಗುರುಸಿದ್ದಯ್ಯನವರು! ನಿವೃತ್ತ ಅಮಲ್ದಾರರು, ಪಕ್ಕದ ಬಂಗಲೆಯಲ್ಲೇ ವಾಸ.

"ಏನ್ರೀ! ನನ್ನ ಮನೇನ ನೀವು ಬಾಡಿಗೆಗೆ ಕೊಡ್ತೀರಾ? ಇವತ್ತೇ ಖಾಲಿ ಮಾಡಿ!"

ಆ ಮನೆ ತಪ್ಪಿದರೆ ನನಗೆ ಬೋಗಾದಿಯ ಅಣ್ಣನ ಕೊಟ್ಟಿಗೆಯೇ ಗತಿ!

"ಸಾರ್, ಅವಳಿಗೆ ಓದಕ್ಕೇ ಬರಲ್ಲ!"

"ಓದಕ್ಕೆ ಬರದೋರು ಇಷ್ಟು ಮುದ್ದಾಗಿ ಬರೀತಾರಾ? ಯಾರ ಕಿವಿ ಮೇಲೆ ಹೂ ಇಡ್ತೀರಿ?"

"ಎಲ್ಲಾ ಅವಳದೇ ತಪ್ಪು ಸಾರ್!" ಎಂದುಬಿಟ್ಟೆ, ಮಹಾ ಶೂರ!

ಸಿದ್ದಲಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದೆ ಬಂದಳು. "ಬುದ್ದೀ, ಅಲ್ಲೇನು ಬರ್ದದೆ ಅಂತ ನಂಗೆ ಗೊತ್ತಿಲ್ಲ. ಟೇಸನ್ ದಾರೀಲಿ ಒಂದ್ ಗೇಟಿನ ಮೇಲಿತ್ತು. ದುಂಡಗೆ ಚೆಂದಾಗಿತ್ತು, ನೋಡ್ಕಂಡ್ ಬಂದೆ. ಅರ್ಥ ಕೇಳ್ಬ್ಯಾಡ ಅಂತ ಇವ್ರೇ ಏಳಿದ್ರು."

ಗುರುಸಿದ್ದಯ್ಯನವರು ಬೆತ್ತದ ತುದಿಯಿಂದ 'ಮನೆ'ಯನ್ನು ತೋರಿಸಿದರು. "ಇದನ್ನ ಓದಮ್ಮ."

"ಬರಿ ಅಂದ್ರೆ ಇನ್ನೊಂದ್ಸಲ ಬರೀತೀನಿ ಬುದ್ದಿ. ಓದು ಅಂದ್ರೆ ಎಂಗೆ?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮನೆ ಖಾಲಿ ಮಾಡೋದು ಬೇಡ, ಇರಿ. ಈಗ ನೀವು ಒಳಗೆ ಹೋಗಿ, ನಾನು ಈಯಮ್ಮನ ಹತ್ರ ಮಾತಾಡ್ಬೇಕು."

ಬದುಕಿದೆಯಾ ಬಡಜೀವವೇ ಎಂದು ಒಳಗೆ ಹೋಗಿ ಕಾಫಿ ಕುಡಿದೆ. ಜಗಲಿಯ ಮೇಲೆ ಅವರಿಬ್ಬರು ತುಂಬಾ ಹೊತ್ತು ಮಾತಾಡುತ್ತಿದ್ದರು.

ಮಾರನೆಯ ಬೆಳಿಗ್ಗೆ ನೆಗೆಯಲು ಪಂಚೆ ಎತ್ತಿಕೊಂಡು ಬಂದರೆ ಬೀದಿಯ ಜನ ಗೇಟಿಗೆ ಆತುಕೊಂಡು ನಗುತ್ತಿದ್ದಾರೆ! ಅಂಗಳ ನೋಡಿದೆ. 'ಈ ಮನೆಗೆ ಒಬ್ಬರು ಒಳ್ಳೆಯ ಮೇಷ್ಟರು ಬೇಕಾಗಿದ್ದಾರೆ.'

"ಲೇ! ಇದ್ಯಾವ ಬೋರ್ಡ್ ನೋಡಿ ಬರೆದೆ?"

"ಬೋರ್ಡಲ್ಲ ಕಣ್ರೀ. ನಾನ್ ಬಾಯಲ್ಲಿ ಏಳ್ದೆ, ಬುದ್ದಿಯೋರು ಬರ್ದು ಒಂದೊಂದೂ ಏನು ಅಂತ ಏಳ್ಕೊಟ್ರು. ಓದ್ಲಾ?"

ನನ್ನ ಉತ್ತರಕ್ಕೆ ಕಾಯಲಿಲ್ಲ. ಕೂತು, ಒಂದೊಂದೇ ಅಕ್ಷರದ ಹತ್ತಿರ ಬೆರಳು ಹಿಡಿದು, ಬೀದಿಗೆಲ್ಲ ಕೇಳುವಂತೆ ಓದಿದಳು. ಓದಿ ಮುಗಿಸಿ ತಲೆಯೆತ್ತಿದಾಗ ಅವಳ ಮುಖದಲ್ಲಿದ್ದ ಆ ಬೆಳಕು! ನನ್ನ ಹೆಂಡತಿ ತನ್ನ ಜನ್ಮದಲ್ಲಿ ಓದಿದ ಮೊಟ್ಟಮೊದಲ ವಾಕ್ಯ ಅದು!