ಗ್ರಾಫ್ ಮೆಚ್ಚಿದ ಮುಖ

“ಸ್ಟುಡಿಯೋ ಸುದ್ದಿಯೇ ಬೇಡ! ಅತ್ತೆಯವರ ಫೋಟೋ ನಾನೇ ತೆಗಿತೀನಿ!” ಎಂದು ಅಳಿಯ ಘೋಷಿಸಿದ. ಹೊಸ ಕ್ಯಾಮೆರಾದ ಕೈಪಿಡಿಯನ್ನು ಆದ್ಯಂತ ಓದಿ, ಮುಖ್ಯ ಸಾಲುಗಳ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದವನಿಗೆ ಇನ್ನೇನು ಬೇಕು?

ವಿಷಯವೇನೂ ಸಣ್ಣದಲ್ಲ. ಅತ್ತೆ ಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಶಾಲೆಯಲ್ಲಿ ಸೋಮವಾರ ಅವರ ಭಾವಚಿತ್ರದ ಅನಾವರಣ. ತಮ್ಮದೊಂದೂ ಫೋಟೋ ಚೆನ್ನಾಗಿ ಬಂದಿಲ್ಲವೆಂಬ ಕೊರಗು ಅವರಿಗೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬೆಳಗ್ಗೆಯಿಂದ ಕನ್ನಡಿಯ ಮುಂದೆ ಸುಳಿದಾಡುತ್ತಲೇ ಇದ್ದರು.

ಅಳಿಯ ನೀರು ಪರೀಕ್ಷಿಸುವ ಪ್ರಯೋಗಾಲಯದವನು. ಅಲ್ಲಿ ಚೀಟಿ ಅಂಟಿಸದ ಬಾಟಲಿಗೆ ಬೆಲೆಯಿಲ್ಲ. ಹಾಗಾಗಿ ಅತ್ತೆಯನ್ನು ಕಿಟಕಿಯ ಬಳಿ ಕೂರಿಸಿ, ಸಂಖ್ಯೆ ಬರೆದ ಹಲಗೆಯೊಂದನ್ನು ಕೈಗೆ ಕೊಟ್ಟ.

“ಕೆನ್ನೆ ಪಕ್ಕ ಹಿಡ್ಕೊಳ್ಳಿ ಅತ್ತೆ. ಯಾವ ಫೋಟೋ ಯಾವುದು ಅಂತ ಗೊತ್ತಾಗ್ಬೇಕಲ್ಲ.”

“ರೀ, ಅಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗೆ ಕಾಣ್ತಿದ್ದಾರೆ!” ಎಂದಳು ಹೆಂಡತಿ.

“ವಿಜ್ಞಾನಕ್ಕೆ ಒಂದು ಕ್ರಮ ಇರುತ್ತೆ ಕಣೇ!”

ಲೆನ್ಸಿನ ಕಿಂಡಿ ಎಷ್ಟು ಅಗಲ, ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿರಬೇಕು: ಈ ಮೂರನ್ನೂ ಅವನು ವಿವರಿಸಿದ. ಆಮೇಲೆ ಅತ್ತೆಯನ್ನು ಚೌಕಟ್ಟಿನ ಎಡಕ್ಕೆ ಸರಿಸಿದ.

“ಬಲಗಡೆ ಯಾರು ಬರ್ತಾರೆ?” ಎಂದರು ಅತ್ತೆ.

“ಯಾರೂ ಇಲ್ಲ. ಖಾಲಿ ಜಾಗ ಇದ್ರೆ ನೋಡೋರ ಕಣ್ಣು ಉಸಿರಾಡುತ್ತೆ.”

“ನಾನು ಪಾಠ ಮಾಡೋ ಕಾಲದಲ್ಲಿ ಮೂಗು ಉಸಿರಾಡ್ತಿತ್ತು.”

ಒಮ್ಮೆಗೆ ಒಂದನ್ನೇ ಬದಲಿಸಬೇಕು, ಉಳಿದವು ಸ್ಥಿರವಾಗಿರಬೇಕು. ಇದು ಪ್ರಯೋಗಾಲಯದ ಧರ್ಮ! ಅಳಿಯ ಕಿಂಡಿಯನ್ನು ಮಾತ್ರ ಹಂತಹಂತವಾಗಿ ಬದಲಿಸುತ್ತ, ಹಲಗೆ ಒರೆಸಿ ಬರೆಯುತ್ತ ಮುಂದುವರಿದ. ಆರಂಭದಲ್ಲಿ ಅತ್ತೆ ಸುಣ್ಣದ ಗೊಂಬೆಯಂತೆ ಬೆಳ್ಳಗೆ ಬಂದರು. ಕೊನೆಗೆ ಇದ್ದಿಲಿನಂತೆ ಕಪ್ಪಗಾದರು!

“ಎಲ್ಲ ಸರಿಯಾಗೇ ಇತ್ತಲ್ಲ!” ಎಂದು ಅವನು ತಲೆ ಕೆರೆದುಕೊಂಡ.

“ಅಳಿಯಂದಿರೇ, ಸೂರ್ಯ ಎದುರುಮನೆ ಹಿಂದೆ ಹೋಗಿ ಎಷ್ಟೋ ಹೊತ್ತಾಯ್ತು. ಅವನಿಗೂ ಒಂದು ಚೀಟಿ ಅಂಟಿಸಿ ನಿಲ್ಲಿಸ್ಬೇಕಿತ್ತು.” ಅತ್ತೆ ಎದ್ದು ಬಂದು ಕ್ಯಾಮೆರಾ ಇಸಿದುಕೊಂಡರು. “ಬೆಳಕು ಕಾಲು ಭಾಗಕ್ಕೆ ಇಳಿದ್ರೆ ಸಮಯ ನಾಲ್ಕರಷ್ಟು ಆಗ್ಬೇಕು, ಅಷ್ಟೇ ತಾನೆ ನೀವು ಹೇಳಿದ್ದು? ಕೂತ್ಕೊಳ್ಳಿ, ಒಂದು ನೋಡೇಬಿಡೋಣ.”

“ಹಲಗೆ?”

“ಹಿಡ್ಕೊಳ್ಳಿ. ಕ್ರಮ ಅಂದ್ರೆ ಕ್ರಮ.”

ಕ್ಲಿಕ್! ಬೆಳಕು ಹದವಾಗಿ ಬಂತು. ಅದೇ ಲೆಕ್ಕದಲ್ಲಿ ಅಳಿಯ ಅತ್ತೆಯ ಫೋಟೋಗಳನ್ನು, ಈ ಸಲ ಹಲಗೆಯಿಲ್ಲದೆ, ಟಪಟಪನೆ ತೆಗೆದ. ಒಂದರಲ್ಲಂತೂ ಅವರು ಮನಸಾರೆ ನಕ್ಕಿದ್ದರು.

“ಇದನ್ನೇ ಕಳಿಸಿ ರೀ, ಅಮ್ಮ ಎಷ್ಟು ಚೆನ್ನಾಗಿ ಬಂದಿದ್ದಾರೆ!”

“ಚೆನ್ನಾಗಿದೆ ಅನ್ನೋದು ಬರೀ ಅಭಿಪ್ರಾಯ. ಅಳತೆ ಎಲ್ಲಿ?”

ಫೋಟೋದಲ್ಲಿ ಕಪ್ಪೆಷ್ಟು, ಬಿಳುಪೆಷ್ಟು ಎಂದು ತೋರಿಸುವ ಗ್ರಾಫ್ ಕಂಪ್ಯೂಟರಿನಲ್ಲಿತ್ತು. ಮುಖ ಕಂಡರೆ ಮನಸ್ಸು ಒಂದು ಕಡೆ ವಾಲೀತು! ನಿಷ್ಪಕ್ಷಪಾತ ತೀರ್ಪಿಗಾಗಿ ಅವನು ಪರದೆಯ ಮೇಲಿನ ಚಿತ್ರಗಳಿಗೆಲ್ಲ ಕಾಗದ ಅಡ್ಡ ಹಿಡಿದು, ಗ್ರಾಫ್‌ಗಳನ್ನಷ್ಟೇ ಹೋಲಿಸಿದ. ಒಂದರ ಗ್ರಾಫ್ ಅಂತೂ ಗುಡ್ಡದಂತೆ ನಡುವೆ ಎದ್ದು ಎರಡೂ ಬದಿಗೆ ನಯವಾಗಿ ಇಳಿದಿತ್ತು. ಆಹಾ! ಅದನ್ನೇ ಅಚ್ಚುಹಾಕಿ, ಚೌಕಟ್ಟು ಕಟ್ಟಿ, ನೇರ ಶಾಲೆಗೆ ಮುಟ್ಟಿಸಲು ಹೇಳಿ ಅಚ್ಚುಹಾಕುವ ಅಂಗಡಿಗೆ ಕಳಿಸಿದ.

“ಒಂದ್ಸಲ ನೋಡಿ ಕಳಿಸಿದ್ರಾ?” ಎಂದಳು ಹೆಂಡತಿ.

“ಗ್ರಾಫ್ ನೋಡಿದೀನಿ. ಅದಕ್ಕಿಂತ ಇನ್ನೇನು ನೋಡ್ಲಿ?”

ಸೋಮವಾರ ಸಭಾಂಗಣ ತುಂಬಿತ್ತು. ಅತ್ತೆ ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅಳಿಯ ಅಭಿನಂದನೆ ಸ್ವೀಕರಿಸಲು ಕೋಟಿನ ಗುಂಡಿ ಹಾಕಿಕೊಂಡ. ಪರದೆ ಸರಿಯಿತು.

ಗೋಡೆಯ ಮೇಲೆ, ಆಳೆತ್ತರದ ಚೌಕಟ್ಟಿನ ಎಡಭಾಗದಲ್ಲಿ, ಕೆನ್ನೆಗೆ ಹಲಗೆ ಒತ್ತಿಕೊಂಡು, ಪೆಚ್ಚುಮೋರೆ ಹಾಕಿ ಕೂತಿದ್ದವನು ಅಳಿಯ! ಬಲಭಾಗದಲ್ಲಿ ಎಲ್ಲರ ಕಣ್ಣೂ ಧಾರಾಳವಾಗಿ ಉಸಿರಾಡುತ್ತಿತ್ತು.

ಸಭೆಯಲ್ಲಿ ಎದ್ದ ನಗೆಗೆ ಕಿಟಕಿಗಳೇ ಅದುರಿದವು. ಹೆಂಡತಿ ಕಿಸಕ್ಕೆಂದು ಮುಖ ಮುಚ್ಚಿಕೊಂಡಳು. ಅಳಿಯನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

“ಕ್ಷಮಿಸಿ ಅತ್ತೆ... ನಾಳೆಯೇ ನಿಮ್ಮ ಫೋಟೋ ಹಾಕಿಸ್ತೀನಿ.”

ಅತ್ತೆ ಕನ್ನಡಕ ಏರಿಸಿ ಚಿತ್ರವನ್ನು ಮೂಲೆಮೂಲೆಯಾಗಿ ನೋಡಿದರು. ಮುಖ ಅರಳಿತು.

“ಏನವಸರ? ಒಂದು ತಿಂಗಳು ಇರಲಿ ಬಿಡಿ ಅಳಿಯಂದಿರೇ. ನಾನು ಜೀವನದಲ್ಲಿ ತೆಗೆದ ಮೊದಲನೇ ಫೋಟೋ, ಸೀದಾ ಸಭಾಂಗಣದ ಗೋಡೆಗೇ ಏರಿದೆ!”