ಬೆಳಕಿಗೆ ಹೆದರುವ ಕಾಕಾ

ನಮ್ಮ ಕಾಕಾ ಹಾವಿಗೆ ಹೆದರಿದವರಲ್ಲ, ಕಾಕಿಗೂ ಹೆದರಿದವರಲ್ಲ. ಅವರು ಹೆದರುತ್ತಿದ್ದುದು ಬೆಳಕಿಗೆ. ಮಾಡುವ ಕೆಲಸ ಏನು ಅಂತೀರಿ? ಫೋಟೋ ತೆಗೆಯುವುದು!

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಸ್ಟುಡಿಯೋ. ಒಳಗಿನ ಕತ್ತಲೆ ಕೋಣೆಯಲ್ಲಿ, ಕೆಂಪು ಬಲ್ಬಿನಡಿ ಮೂವತ್ತು ವರ್ಷ ಫೋಟೋ ತೊಳೆದವರು. "ಬಾಗಲಾ ತಗದ್ರ ಬೆಳಕ ಬಿದ್ದು ಫೋಟೋ ಕಾಗದ ಸುಟ್ಟು ಹೋಗತೈತಿ" ಎಂದರೆ ಮನೆಮಂದಿಯೆಲ್ಲ ನಡುಗುತ್ತಿದ್ದೆವು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಯಾರಾದರೂ ಮರುಗಿದರೆ, "ಕ್ಯಾಮೆರಾಕ್ಕ ಎಷ್ಟ ಕಣ್ಣ ಅದಾವ್ರಿ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಎರಡು ಸಾವಿರದ ಐದರ ಸುಮಾರಿಗೆ ಡಿಜಿಟಲ್ ಕ್ಯಾಮೆರಾ ಬಂತು, ಹಿಂದೆಯೇ ಕಂಪ್ಯೂಟರೂ ಬಂತು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಅಣ್ಣನ ಮಗಳು ನಾನೇ ಅವರಿಗೆ ಗುರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, ಕಾಕಾ ಕಂಪ್ಯೂಟರನ್ನೂ ಕತ್ತಲೆ ಕೋಣೆಗೇ ಒಯ್ದು, ಕೆಂಪು ಬಲ್ಬು ಹಚ್ಚಿ, ಅಗಳಿ ಹಾಕಿದರು.

"ಕಾಕಾ, ಇದಕ್ಕ ಬೆಳಕ ಬಿದ್ರ ಏನೂ ಆಗೂದಿಲ್ರಿ."

"ಕಂಪನಿಯವ್ರು ಹಂಗೇ ಹೇಳ್ತಾರ. ಸುಟ್ಟಮ್ಯಾಲೆ ಅವ್ರು ಬರ್ತಾರೇನು?"

ಪರದೆಯ ಮೇಲೆ ಕಾಕಾ ತೆಗೆದ ಫೋಟೋ, ಕನ್ನೊಳ್ಳಿ ಊರಿನ ಜೋಳದ ಹೊಲ. ಹೊಲ ಚೆನ್ನ, ಆಕಾಶ ಮಾತ್ರ ಸುಣ್ಣ ಬಳಿದಂತೆ. ಹಿಂದೆ ಹೀಗಾದರೆ, ಕಾಗದಕ್ಕೆ ಬೆಳಕು ಬಿಟ್ಟು ಫೋಟೋ ಇಳಿಸುವಾಗ ಹೊಲದ ಭಾಗಕ್ಕೆ ಅಂಗೈ ಮರೆ ಹಿಡಿದು, ಆಕಾಶಕ್ಕಷ್ಟೇ ಇನ್ನೆರಡು ಎಣಿಕೆ ಬೆಳಕು ಕೊಡುತ್ತಿದ್ದರು. ಬೆಳಕು ಹೆಚ್ಚು ಬಿದ್ದಲ್ಲಿ ಕಾಗದ ಕಪ್ಪೇರುತ್ತಿತ್ತು. ಈಗಲೂ ಅದನ್ನೇ ಮಾಡಿದರು. ಪರದೆಯ ಮುಂದೆ ಅಂಗೈ ಹಿಡಿದು ಹತ್ತು ಎಣಿಸಿದರು. ಆಕಾಶ ಇದ್ದ ಹಾಗೇ ಇತ್ತು.

"ಭಾಳ ಹಟಮಾರಿ ಮಶೀನ್ ಐತಿ," ಎಂದರು.

ನಾನು ನಗು ನುಂಗಿಕೊಂಡು, ಪರದೆಯಂಚಿನಲ್ಲಿದ್ದ, ಬೇಕಾದಲ್ಲಷ್ಟೇ ಕಪ್ಪೇರಿಸುವ ಪುಟ್ಟ ಕೈಯ ಗುರುತನ್ನು ಒತ್ತಿ ಮೌಸ್ ಆಡಿಸಿದೆ. ಆಕಾಶ ಮೆಲ್ಲಗೆ ಕಪ್ಪೇರಿತು. ಕಾಕಾ ಪರದೆಗೆ ಮೂಗು ತಾಗಿಸಿ ನೋಡಿದರು. "ಯವ್ವಾ, ಇದು ನನ್ನ ಕೈ. ಈ ಕಂಪನಿಯವ್ರು ಯಾವಾಗ ನೋಡ್ಯಾರ?"

ಆಮೇಲೆ ಆ ಕೈ ನಿಲ್ಲಲೇ ಇಲ್ಲ. ಮಸೂತಿ ಊರಿನ ತೊಗರಿ ಹೊಲದ ಫೋಟೋಕ್ಕೆ ಮಟಮಟ ಮಧ್ಯಾಹ್ನವೇ ಅಮಾವಾಸ್ಯೆ ಬಂತು. ಎಷ್ಟು ಕಪ್ಪು ಮಾಡಿದರೂ "ಇನ್ನೂ ಬೆಳ್ಳಗೈತಿ" ಎನ್ನುತ್ತಿದ್ದರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಒಂದು ದಿನ ನಾನು ನೀರಿನ ತಂಬಿಗೆ ಕೊಟ್ಟರೆ, ಕಾಕಾ ಅದರ ಪಕ್ಕದ ಗಾಳಿಗೆ ಕೈ ಹಾಕಿದರು. ನನ್ನ ನಗು ಅಲ್ಲೇ ನಿಂತಿತು. ಇದ್ದೊಂದು ಕಣ್ಣಿಗೂ ಪೊರೆ ಬಂದಿತ್ತು. ಹೆದರಿಕೊಂಡು ಯಾರಿಗೂ ಹೇಳಿರಲಿಲ್ಲ.

ಬಿಜಾಪುರದಲ್ಲಿ ಆಪರೇಷನ್ ಆಯಿತು. ಮರುದಿನ ಡಾಕ್ಟರು ಪಟ್ಟಿ ಬಿಚ್ಚಿದರು. ಕಾಕಾ ಕಣ್ಣು ಬಿಚ್ಚಲಿಲ್ಲ. ಡಾಕ್ಟರು ಗದರಿದರು, ಕಾಕಿ ಅತ್ತರು, ಇವರು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಕಡೆಗೆ ತಡಕಾಡಿ ನನ್ನ ಕೈ ಹಿಡಿದರು.

"ಒಮ್ಮಿಗೇ ಬೆಳಕ ಬಿದ್ದು ಇದೂ ಸುಟ್ಟು ಹೋದ್ರ? ನನ್ನ ಕಡೆ ಇನ್ನೊಂದ ಕಾಗದ ಇಲ್ಲವ್ವಾ."

ಕಿಟಕಿಯ ಪರದೆ ಎಳೆದು ಬಂದು ಅವರ ಕಣ್ಣಿನ ಮುಂದೆ ಅಂಗೈ ಮರೆ ಹಿಡಿದೆ. "ಒಂದ... ಎರಡ..." ಎಣಿಸುತ್ತ ಬೆರಳಗಲ ಬೆರಳಗಲ ಸರಿಸಿದೆ. ಕಣ್ಣು ತೆರೆದೂ ಏನೂ ಕಾಣದಿದ್ದರೆ? ಹತ್ತಕ್ಕೆ ರೆಪ್ಪೆ ಅಲುಗಿತು. ಕಾಕಾ ಕಣ್ಣು ತೆರೆದು ನನ್ನ ತಲೆಯತ್ತ ನೋಡಿದರು.

"ನಿನ್ನ ಕೂದ್ಲಾ ಯಾವಾಗ ಬೆಳ್ಳಗಾದ್ವು, ಯವ್ವಾ? ಇನ್ನೆರಡ ಎಣಿಕಿ ಬೆಳಕ ಕೊಡಬೇಕಾಗಿತ್ತು."