ಒಂದು ಆಟ, ಎರಡು ಕನ್ಸೋಲ್, ಒಂದು ನಿಕಾಹ್

ಆಟ ತಯಾರಿಸುವ ಕಂಪನಿಯ ಮಾರಾಟ ಮುಖ್ಯಸ್ಥರಿಗೆ,

ಮಾನ್ಯರೇ,

ವಿಡಿಯೋ ಗೇಮ್ ಕನ್ಸೋಲ್ ಮಾಡುವ ಯಾವ ಕಂಪನಿಯ ಪಕ್ಷಕ್ಕೂ ಸೇರದ ತಮ್ಮ ಆಟ, ಎರಡು ಎದುರಾಳಿ ಕನ್ಸೋಲ್‌ಗಳಲ್ಲೂ ಭರ್ಜರಿಯಾಗಿ ಮಾರಾಟವಾಗಿದೆ ಎಂಬ ಪ್ರಕಟಣೆ ಓದಿ, ಕಲಬುರಗಿಯ ಜೇವರ್ಗಿ ಕಾಲೋನಿಯಿಂದ, ಉಗುರಿನ ಮೆಹಂದಿ ಇನ್ನೂ ಮಾಸದ ಮದುಮಗಳೊಬ್ಬಳು ತಮಗೆ ಸಲಾಮು ಸಲ್ಲಿಸುತ್ತಿದ್ದಾಳೆ.

ಆ ಮಾರಾಟದಲ್ಲಿ ಒಂದು ನನ್ನದು, ಇನ್ನೊಂದು ನನ್ನ ಗಂಡ ನದೀಮ್ ಅವರದು. ನಿಕಾಹ್‌ಗೆ ಮುಂಚೆ ಅವರ ನೌಕರಿ, ನಮಾಜು, ಅಜ್ಜನ ಬಿ.ಪಿ. ತನಕ ಎಲ್ಲ ವಿಚಾರಿಸಿದ ನಮ್ಮ ಅಬ್ಬಾ, ಯಾವ ಕಂಪನಿಯ ಕನ್ಸೋಲ್ ಎಂಬುದೊಂದನ್ನು ಮಾತ್ರ ಕೇಳಲಿಲ್ಲ.

ನದೀಮ್ ಕಮಲಾಪುರದಲ್ಲಿ ಬ್ಯಾಂಕ್ ನೌಕರರು, ಬಿ.ಎಡ್. ಪರೀಕ್ಷೆ ಮುಗಿಯುವ ತನಕ ನಾನು ತವರಿನಲ್ಲಿ. ಮದುವೆಯ ನಂತರದ ಶುಕ್ರವಾರಗಳ ಜುಮಗಿ ಊಟಕ್ಕೆ ಅವರು ಬರುತ್ತಾರೆ ನಿಜ, ಆದರೆ ಆ ದಿನ ಅಳಿಯ ಪೂರ್ತಿಯಾಗಿ ನನ್ನ ಖಾಲಾಗಳ, ಅಂದರೆ ಅಮ್ಮನ ಅಕ್ಕತಂಗಿಯರ, ಸ್ವತ್ತು. ಹಾಗಾಗಿ ಇಬ್ಬರು ಸೇರಿ ಕೋಟೆ ಹತ್ತುವ ತಮ್ಮ ಆಟವೇ ಸಂಜೆಯ ಮಗ್ರಿಬ್ ನಮಾಜಿನ ನಂತರದ ನಮ್ಮ ಏಕಾಂತ ಎಂದುಕೊಂಡೆವು.

ಎಂಥ ಮುಗ್ಧರು ನಾವು! ಕಂಪನಿ ಬೇರೆಯಾದ್ದರಿಂದ ನನ್ನ ಕನ್ಸೋಲ್‌ಗೆ ಅವರ ಕನ್ಸೋಲ್ ಕಾಣುವುದೇ ಇಲ್ಲ. ಖಾಜಿಸಾಹೇಬರು ಮೂರು ಸಲ ಕೇಳಿ ಕೂಡಿಸಿದ ಜೋಡಿಯನ್ನು ತಮ್ಮ ಸರ್ವರ್ ಒಂದು ಸಲವೂ ಕೇಳದೆ ಬೇರೆ ಮಾಡಿತು. ಅಷ್ಟಕ್ಕೇ ಸುಮ್ಮನಿರುವ ಕಲ್ಲೆದೆಯೂ ಅದಕ್ಕಿಲ್ಲ. ಬೇರೆ ಜೊತೆಗಾರರನ್ನು ಹುಡುಕಿಕೊಡಲೇ ಎಂದು ಪ್ರತಿ ಸಂಜೆ ಅಕ್ಕರೆಯಿಂದ ವಿಚಾರಿಸುತ್ತದೆ. ಮದುವೆಯಾಗಿ ತಿಂಗಳೂ ತುಂಬದವಳ ಮೇಲೆ ಇಷ್ಟು ಕಾಳಜಿಯನ್ನು, ನಮ್ಮ ಸಂಬಂಧ ಕುದುರಿಸಿದ ಮೆಹಬೂಬಿಯೂ ತೋರಿಸಿರಲಿಲ್ಲ! ಅತ್ತ ಕಮಲಾಪುರದ ಬಾಡಿಗೆ ಮನೆಯ ಒಡತಿ ಬಂಡೆಮ್ಮನವರು, "ಲಗ್ನ ಆದ್ರೂ ಒಬ್ರೇ ಆಡಾಕತ್ತೀರಲ್ರೀ ಸಾಹೇಬ್ರ, ಏನ್ ಜಗಳ ಆಗ್ಯದೇನ್ರೀ?" ಎಂದು ಇಡೀ ಓಣಿಗೆ ಕೇಳುವಂತೆ ಮರುಗುತ್ತಾರೆ.

ಇಬ್ಬರಲ್ಲಿ ಒಬ್ಬರು ಇನ್ನೊಂದು ಕನ್ಸೋಲ್ ಕೊಂಡು, ಅದಕ್ಕೆ ಇದೇ ಆಟವನ್ನು ಮತ್ತೊಮ್ಮೆ ಕೊಳ್ಳಿ ಎಂಬ ತಮ್ಮ ಸಹಾಯವಾಣಿಯ ಉದಾರ ಸಲಹೆಗೆ ನಾವು ಚಿರಋಣಿಗಳು. ಅದಕ್ಕೂ ಮೊದಲು ಒಂದು ಸಣ್ಣ ಬಿನ್ನಹ: ಎರಡೂ ಕನ್ಸೋಲ್ ಕಂಪನಿಗಳ ಹಿರಿಯರನ್ನು ಊಟಕ್ಕೆ ಹಾಸಿದ ಒಂದೇ ದಸ್ತರಖಾನಿನ ಸುತ್ತ ಕೂರಿಸಿ, ಮೆಹರ್ ಗೊತ್ತುಮಾಡಿ, ನಮ್ಮ ಕನ್ಸೋಲ್‌ಗಳ ನಿಕಾಹ್ ಓದಿಸಿಕೊಡಿ. ಬಿರಿಯಾನಿ ನಮ್ಮ ಕಡೆಯಿಂದ. ನನ್ನ ಖಾಲಾಗಳು ಬಡಿಸಲು ತುದಿಗಾಲಲ್ಲಿ ನಿಂತಿದ್ದಾರೆ.

ಒಂದೇ ಸಂಸಾರದಿಂದ ಎರಡು ಸಲ ದಕ್ಕಿದ ತಮ್ಮ ವಿಶ್ವಾಸಿ ಗ್ರಾಹಕಿ,
ಮದಿಹಾ ನದೀಮ್

ತಾ.ಕ.: ನಾದಿನಿ ಹೀನಾಳಿಗೆ ನಿಶ್ಚಯವಾದ ಹುಡುಗನ ಮನೆಯಲ್ಲಿ ಮೂರನೇ ಕಂಪನಿಯ ಕನ್ಸೋಲ್ ಇದೆಯಂತೆ. ದಯವಿಟ್ಟು ಈಗಲೇ ಹಿಗ್ಗಬೇಡಿ. ಅವರಿಗೆ ಉಡುಗೊರೆಯಾಗಿ ಕೇರಂ ಬೋರ್ಡ್ ಕೊಂಡಿದ್ದೇವೆ. ಕಳೆದ ಶುಕ್ರವಾರ ಖಾಲಾಗಳು ಊಟ ಮುಗಿಸಿ ಅಡ್ಡಾದಾಗ ನಾವಿಬ್ಬರೂ ಅದನ್ನು ಪರೀಕ್ಷಿಸಿ ನೋಡಿದೆವು. ಯಾವ ಬದಿಗೆ ಕೂತರೂ ಎದುರಿನವರು ಕಾಣುತ್ತಾರೆ.